ಕೊಡಗಿನ ಕಚೇರಿಗಳಲ್ಲಿ ಪ್ರಿಂಟರಿಗೊಂದು ಸ್ಥಿರ ವಿಳಾಸ

ಕೊಡಗು ಜಿಲ್ಲೆಯ ಆಡಳಿತದಲ್ಲಿಯೂ ಸಹಕಾರ ವ್ಯವಸ್ಥೆಯಲ್ಲಿಯೂ ಕಡತದ ಕೆಲಸ ಕಳೆದ ಎರಡು ದಶಕಗಳಲ್ಲಿ ಬಹುಮಟ್ಟಿಗೆ ಕಂಪ್ಯೂಟರಿಗೆ ವರ್ಗವಾಗಿದ್ದರೂ, ಆ ಕೆಲಸದ ಕೊನೆಯ ಹಂತ ಇಂದಿಗೂ ಒಂದು ಹಾಳೆಯೇ ಆಗಿದೆ. ‘ಭೂಮಿ’ ಯೋಜನೆಯಡಿ 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿಯ ಜಾಗಕ್ಕೆ ಗಣಕೀಕೃತ ಪಹಣಿ ಬಂದಿತು. ಅಟಲ್‌ಜೀ ಜನಸ್ನೇಹಿ ಕೇಂದ್ರಗಳು 2012ರಲ್ಲಿ ಆರಂಭವಾದ ಮೇಲೆ ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳು ನಾಡಕಚೇರಿಗಳಲ್ಲಿಯೇ ಮುದ್ರಣಗೊಳ್ಳತೊಡಗಿದವು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ನೀಡಿತು. ಅರ್ಜಿ ಪರದೆಯ ಮೇಲೆ ಎಷ್ಟೇ ವೇಗವಾಗಿ ಸಾಗಿದರೂ ಅರ್ಜಿದಾರನ ಕೈಗೆ ಸಿಗಬೇಕಾದದ್ದು ಮುದ್ರಿತ ಪ್ರತಿ. ‘ಸಕಾಲ’ದ ಗಡುವು ಓಡುತ್ತಿರುವಾಗ, ಅಥವಾ ಮಾರ್ಚ್ ಕೊನೆಯ ವಾರದಲ್ಲಿ ಬೆಳೆಸಾಲ ನವೀಕರಿಸಲು ಬಂದ ಸದಸ್ಯರು ಸೊಸೈಟಿಯ ಜಗಲಿಯವರೆಗೆ ಸಾಲುಗಟ್ಟಿರುವಾಗ, ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿಸಿದರೆ ಇಡೀ ಕಚೇರಿಯೇ ನಿಂತಂತಾಗುತ್ತದೆ. ಹೀಗಿದ್ದೂ ಕಚೇರಿಯ ಕಂಪ್ಯೂಟರುಗಳಿಗೆ ಪ್ರಿಂಟರನ್ನು ಹೇಗೆ ಜೋಡಿಸಬೇಕು ಎಂಬುದನ್ನು ಹೆಚ್ಚಿನ ಕಡೆ ಯಾರೂ ಯೋಚಿಸಿ ನಿರ್ಧರಿಸುವುದಿಲ್ಲ. ಯಂತ್ರ ತಂದವರು ಅಂದು ಯಾವುದು ಸುಲಭವೆಂದು ಕಂಡರೋ ಅದೇ ವರ್ಷಗಟ್ಟಲೆ ಉಳಿದುಬಿಡುತ್ತದೆ. ಮಳೆ, ಸಿಡಿಲು ಮತ್ತು ಕರೆಂಟಿನ ಅನಿಶ್ಚಿತತೆ ಮೂರೂ ಒಟ್ಟಾಗಿ ಕಾಡುವ ಈ ಜಿಲ್ಲೆಯಲ್ಲಿ ಆ ಉದಾಸೀನಕ್ಕೆ ತೆರಬೇಕಾದ ಬೆಲೆ ಬೇರೆಡೆಗಿಂತ ಹೆಚ್ಚು.

ಒಂದು ಪ್ರಿಂಟರನ್ನು ಹಲವು ಕಂಪ್ಯೂಟರುಗಳು ಹಂಚಿಕೊಳ್ಳಬೇಕೆಂಬ ಅಗತ್ಯ ಕಂಪ್ಯೂಟರ್ ಜಾಲದ ಹುಟ್ಟಿನೊಂದಿಗೇ ಬೆಸೆದುಕೊಂಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ 1970ರ ದಶಕದ ಆರಂಭದಲ್ಲಿ ಲೇಸರ್ ಪ್ರಿಂಟರನ್ನು ರೂಪಿಸಿದರು. ಕ್ಷಣಕ್ಕೊಂದು ಪುಟದಂತೆ ಮುದ್ರಿಸಬಲ್ಲ ಆ ದುಬಾರಿ ಯಂತ್ರವನ್ನು ಪ್ರತಿ ಮೇಜಿಗೂ ಒದಗಿಸುವುದು ಅಸಾಧ್ಯವಾದ್ದರಿಂದ, ಕೇಂದ್ರದಲ್ಲಿದ್ದ ಎಲ್ಲ ಕಂಪ್ಯೂಟರುಗಳಿಂದಲೂ ಅದಕ್ಕೆ ಪುಟಗಳನ್ನು ಸಾಕಷ್ಟು ವೇಗದಲ್ಲಿ ಕಳುಹಿಸುವ ಸಾಮಾನ್ಯ ತಂತಿಯೊಂದು ಬೇಕಾಯಿತು. ಅಲ್ಲಿಯೇ ಕೆಲಸ ಮಾಡುತ್ತಿದ್ದ ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯಲ್ಲಿ ಆ ತಂತಿಯ ವ್ಯವಸ್ಥೆಗೆ ‘ಈಥರ್‌ನೆಟ್’ ಎಂಬ ಹೆಸರು ಕಾಣಿಸಿಕೊಂಡಿತು. ಇಂದು ಮಡಿಕೇರಿಯ ಕಚೇರಿಯಲ್ಲಾಗಲಿ ಪಾಲಿಬೆಟ್ಟದ ಎಸ್ಟೇಟಿನಲ್ಲಾಗಲಿ ಗೋಡೆಯಂಚಿನಲ್ಲಿ ಹರಿದಿರುವ ನೀಲಿ ಅಥವಾ ಬೂದು ಬಣ್ಣದ ಕೇಬಲ್ ಆ ಈಥರ್‌ನೆಟ್ಟಿನ ವಂಶದ್ದೇ. ಪ್ರಿಂಟರ್ ಯಾವುದೇ ಕಂಪ್ಯೂಟರಿನ ಆಶ್ರಯವಿಲ್ಲದೆ ತಾನೇ ನೇರವಾಗಿ ಜಾಲಕ್ಕೆ ಸೇರುವ ಸೌಲಭ್ಯ 1990ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ‘ಜೆಟ್‌ಡೈರೆಕ್ಟ್’ ಕಾರ್ಡಿನಂತಹ ಸಾಧನಗಳಿಂದ ಕಚೇರಿಗಳಿಗೆ ಬಂದಿತು.

ಹಲವು ಕಂಪ್ಯೂಟರುಗಳಿಗೆ ಒಂದೇ ಪ್ರಿಂಟರನ್ನು ಒದಗಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಪ್ರಿಂಟರನ್ನು ಯುಎಸ್‌ಬಿ ಕೇಬಲ್ ಮೂಲಕ ಒಂದು ಕಂಪ್ಯೂಟರಿಗೆ ಜೋಡಿಸಿ, ಆ ಕಂಪ್ಯೂಟರಿನ ವಿಂಡೋಸ್‌ನಲ್ಲಿ ಅದನ್ನು ‘ಶೇರ್’ ಮಾಡಿ, ಉಳಿದ ಕಂಪ್ಯೂಟರುಗಳು ಅದರ ಮೂಲಕವೇ ಮುದ್ರಿಸುವಂತೆ ಮಾಡುವುದು ಮೊದಲನೆಯದು. ಪ್ರಿಂಟರನ್ನು ಕೇಬಲ್ ಅಥವಾ ವೈಫೈ ಮೂಲಕ ಕಚೇರಿಯ ರೂಟರಿಗೋ ಸ್ವಿಚ್ಚಿಗೋ ಜೋಡಿಸಿ, ಪ್ರತಿ ಕಂಪ್ಯೂಟರೂ ಅದರೊಂದಿಗೆ ನೇರವಾಗಿ ವ್ಯವಹರಿಸುವಂತೆ ಮಾಡುವುದು ಎರಡನೆಯದು. ರೂಟರ್ ಎಂದರೆ ಕಚೇರಿಯ ಒಳಜಾಲವನ್ನು ಹೊರಗಿನ ಇಂಟರ್‌ನೆಟ್ಟಿಗೆ ಕೂಡಿಸುವ ಪೆಟ್ಟಿಗೆ. ಸ್ವಿಚ್ ಎಂದರೆ ಒಳಜಾಲದ ಕೇಬಲ್ಲುಗಳನ್ನೆಲ್ಲ ಒಂದೆಡೆ ಕೂಡಿಸುವ ಹಲವು ಕಿಂಡಿಗಳ ಪೆಟ್ಟಿಗೆ. ಮೊದಲನೆಯ ದಾರಿ ಅಗ್ಗವೂ ತಕ್ಷಣಕ್ಕೆ ಸರಳವೂ ಆಗಿರುವುದರಿಂದ ಸಣ್ಣ ಕಚೇರಿಗಳಲ್ಲಿ ಅದೇ ಹೆಚ್ಚಾಗಿ ಕಾಣಸಿಗುತ್ತದೆ. ಆದರೆ ಆ ಒಂದು ಕಂಪ್ಯೂಟರ್ ಚಾಲೂ ಇಲ್ಲದಿದ್ದರೆ, ಅದನ್ನು ಬಳಸುವ ಗುಮಾಸ್ತರು ರಜೆಯಲ್ಲಿದ್ದು ಅದರ ಪಾಸ್‌ವರ್ಡ್ ಬೇರೆ ಯಾರಿಗೂ ತಿಳಿಯದಿದ್ದರೆ, ಅಥವಾ ಅದರ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಊರಿನ ಕಣಜದ ಕೀಲಿಕೈ ಒಬ್ಬನೇ ವ್ಯಕ್ತಿಯ ಸೊಂಟದಲ್ಲಿ ಇದ್ದಂತೆ ಇದು.

ಶೇರ್ ಮಾಡಿದ ಪ್ರಿಂಟರುಗಳ ಕಷ್ಟ 2021ರಿಂದ ಈಚೆಗೆ ಇನ್ನಷ್ಟು ಹೆಚ್ಚಿದೆ, ಮತ್ತು ಅದಕ್ಕೆ ಕಾರಣ ಕಚೇರಿಗಳ ಒಳಗೆ ಹುಡುಕಿದರೆ ಸಿಗುವಂಥದ್ದಲ್ಲ. ವಿಂಡೋಸ್‌ನಲ್ಲಿ ಮುದ್ರಣದ ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಪ್ರಿಂಟರಿಗೆ ಕಳುಹಿಸುವ ‘ಸ್ಪೂಲರ್’ ಎಂಬ ಅಂಗವಿದೆ. ಅದರಲ್ಲಿದ್ದ, ‘ಪ್ರಿಂಟ್ ನೈಟ್‌ಮೇರ್’ ಎಂದು ಹೆಸರಾದ ಭದ್ರತಾ ದೋಷ 2021ರ ಜೂನ್ ತಿಂಗಳ ಕೊನೆಯಲ್ಲಿ ಬಯಲಾದಾಗ, ಜಾಲದೊಳಗೆ ನುಸುಳಿದವರು ಕಂಪ್ಯೂಟರಿನ ಸಂಪೂರ್ಣ ಹಿಡಿತ ಪಡೆಯಬಹುದೆಂಬ ಅಪಾಯವಿದ್ದುದರಿಂದ ಮೈಕ್ರೋಸಾಫ್ಟ್ ಜುಲೈ ತಿಂಗಳಲ್ಲಿ ತುರ್ತು ಪರಿಷ್ಕರಣೆಗಳನ್ನು ಹೊರಡಿಸಿತು. ಆಗಸ್ಟ್ ತಿಂಗಳ ಪರಿಷ್ಕರಣೆಯ ಮೇಲೆ, ಶೇರ್ ಮಾಡಿದ ಪ್ರಿಂಟರಿನ ಡ್ರೈವರನ್ನು ಅಳವಡಿಸಿಕೊಳ್ಳಲು ಆಯಾ ಕಂಪ್ಯೂಟರಿನಲ್ಲಿ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕೇ ಬೇಕೆಂದಾಯಿತು. ಡ್ರೈವರ್ ಎಂದರೆ ಕಂಪ್ಯೂಟರಿನ ಪುಟವನ್ನು ನಿರ್ದಿಷ್ಟ ಪ್ರಿಂಟರಿಗೆ ಅರ್ಥವಾಗುವ ಆಜ್ಞೆಗಳನ್ನಾಗಿ ಬದಲಿಸುವ ಸಾಫ್ಟ್‌ವೇರ್. ಸೆಪ್ಟೆಂಬರ್ ತಿಂಗಳ ಪರಿಷ್ಕರಣೆಯ ನಂತರ ಅಲ್ಲಿಯವರೆಗೆ ಸರಾಗವಾಗಿ ಮುದ್ರಿಸುತ್ತಿದ್ದ ಎಷ್ಟೋ ಕಚೇರಿಗಳ ಕಂಪ್ಯೂಟರುಗಳಲ್ಲಿ ‘11ಬಿ’ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಕಾಣಿಸಿಕೊಂಡು, ಶೇರ್ ಮಾಡಿದ ಪ್ರಿಂಟರಿಗೆ ಸಂಪರ್ಕವೇ ಸಿಗದಂತಾಯಿತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಬದಲಿಸಿ ಆ ರಕ್ಷಣೆಯನ್ನೇ ತೆಗೆದುಹಾಕುವ ಉಪಾಯ ಬೇಗನೆ ಎಲ್ಲೆಡೆ ಹರಡಿತಾದರೂ, ರೈತರ ಸಾಲದ ವಿವರ, ಜನರ ಜಾತಿ ಮತ್ತು ಆದಾಯದ ಮಾಹಿತಿ ತುಂಬಿರುವ ಕಂಪ್ಯೂಟರುಗಳಲ್ಲಿ ಮುದ್ರಣದ ಅನುಕೂಲಕ್ಕಾಗಿ ಬೀಗ ಕಳಚಿಡುವುದು ಯಾವ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ. ಕೇಬಲ್ ಕಿಂಡಿಯುಳ್ಳ ಪ್ರಿಂಟರಿಗೆ ತುಸು ಹೆಚ್ಚು ಹಣ ಕೊಟ್ಟು ಎರಡನೆಯ ದಾರಿಯನ್ನು ಹಿಡಿಯುವುದೇ ಈ ತೊಡಕಿನಿಂದ ಹೊರಬರುವ ನೇರ ಮಾರ್ಗ.

ನೇರವಾಗಿ ಜಾಲಕ್ಕೆ ಸೇರಿದ ಪ್ರಿಂಟರಿಗೆ ಒಂದು ವಿಳಾಸ ಬೇಕು. ಐಪಿ ವಿಳಾಸವೆಂದು ಕರೆಯುವ ಇದು ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಗುಂಪು. ಕಚೇರಿ ಮತ್ತು ಮನೆಗಳ ಒಳಜಾಲಗಳಲ್ಲಿ ಅದು ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಈ ಶ್ರೇಣಿಯನ್ನು ಒಳಜಾಲಗಳಿಗೆಂದೇ ಮೀಸಲಿಟ್ಟಿರುವುದರಿಂದ ಮಡಿಕೇರಿಯ ಒಂದು ಕಚೇರಿಯಲ್ಲಿಯೂ ವಿರಾಜಪೇಟೆಯ ಇನ್ನೊಂದರಲ್ಲಿಯೂ ಒಂದೇ ಸಂಖ್ಯೆಯ ವಿಳಾಸಗಳಿದ್ದರೆ ಗೊಂದಲವಾಗುವುದಿಲ್ಲ. ಜಾಲಕ್ಕೆ ಬಂದು ಸೇರುವ ಪ್ರತಿ ಯಂತ್ರಕ್ಕೂ ರೂಟರ್ ತಾನಾಗಿಯೇ ಒಂದು ವಿಳಾಸವನ್ನು ನಿಗದಿತ ಅವಧಿಗೆ ಕೊಡುವ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಕಂಪ್ಯೂಟರುಗಳಿಗೂ ಮೊಬೈಲುಗಳಿಗೂ ಈ ಪದ್ಧತಿ ಅತ್ಯಂತ ಅನುಕೂಲಕರ, ಏಕೆಂದರೆ ಅವುಗಳ ವಿಳಾಸ ಇಂದು ಒಂದು, ನಾಳೆ ಮತ್ತೊಂದು ಆದರೂ ಯಾರಿಗೂ ಏನೂ ಆಗಬೇಕಿಲ್ಲ. ಪ್ರಿಂಟರಿನ ಮಾತು ಬೇರೆ, ಅದರ ವಿಳಾಸವನ್ನು ಉಳಿದ ಎಲ್ಲ ಕಂಪ್ಯೂಟರುಗಳೂ ನೆನಪಿಟ್ಟುಕೊಂಡಿರುತ್ತವೆ.

ಕರೆಂಟು ಹೋಗಿ ಬಂದಾಗ ಏನಾಗುತ್ತದೆಂಬುದನ್ನು ಹತ್ತಿರದಿಂದ ನೋಡಿದರೆ ಆಫ್‌ಲೈನ್ ಸಮಸ್ಯೆಯ ಬೇರು ಕಾಣುತ್ತದೆ. ಆಷಾಢದ ಗಾಳಿಮಳೆಯಲ್ಲಿ ತೋಟದ ಸಿಲ್ವರ್ ಮರವೋ ರಸ್ತೆಬದಿಯ ಕೊಂಬೆಯೋ ಲೈನಿನ ಮೇಲೆ ಬಿದ್ದು, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಿಬ್ಬಂದಿ ಅದನ್ನು ತೆರವುಗೊಳಿಸಿ ಮರಳಿ ವಿದ್ಯುತ್ ಹರಿಸಿದ ಕೂಡಲೇ, ಕಚೇರಿಯ ರೂಟರ್, ಸ್ವಿಚ್, ಪ್ರಿಂಟರ್ ಎಲ್ಲವೂ ಏಕಕಾಲಕ್ಕೆ ಎಚ್ಚರಗೊಳ್ಳುತ್ತವೆ. ರೂಟರ್ ಪೂರ್ತಿಯಾಗಿ ಸಿದ್ಧವಾಗಲು ಒಂದೆರಡು ನಿಮಿಷ ಬೇಕು. ಅಷ್ಟರೊಳಗೆ ಪ್ರಿಂಟರ್ ಎದ್ದು ವಿಳಾಸ ಕೇಳುತ್ತದೆ, ಉತ್ತರ ಬರುವುದಿಲ್ಲ, ಆಗ ಅದು 169.254 ಎಂದು ಆರಂಭವಾಗುವ ತಾತ್ಕಾಲಿಕ ವಿಳಾಸವೊಂದನ್ನು ತಾನೇ ಇಟ್ಟುಕೊಂಡು ಸುಮ್ಮನಾಗುತ್ತದೆ. ಆ ವಿಳಾಸದಲ್ಲಿ ಅದನ್ನು ಹುಡುಕುವವರು ಯಾರೂ ಇಲ್ಲ. ಇಲ್ಲವೇ ಯಾರಿಗೆ ಯಾವ ವಿಳಾಸ ಕೊಟ್ಟಿತ್ತೆಂಬ ಪಟ್ಟಿಯನ್ನು ಕರೆಂಟು ಹೋದೊಡನೆ ಮರೆತುಬಿಡುವ ಅಗ್ಗದ ರೂಟರ್ ಮೊದಲು ಬಂದವರಿಗೆ ಮೊದಲು ಎಂಬಂತೆ ಹೊಸದಾಗಿ ಹಂಚತೊಡಗಿ, ನಿನ್ನೆ ಪ್ರಿಂಟರಿನದಾಗಿದ್ದ ವಿಳಾಸ ಇಂದು ಯಾರದೋ ಮೊಬೈಲಿಗೆ ಸೇರಿರುತ್ತದೆ. ಪ್ರಿಂಟರಿನ ಹಸಿರು ದೀಪ ಉರಿಯುತ್ತಿದೆ, ಕೇಬಲ್ ಸರಿಯಾಗಿದೆ, ಹಾಳೆಯೂ ಇದೆ; ಆದರೂ ಎಲ್ಲ ಕಂಪ್ಯೂಟರುಗಳಲ್ಲಿ ಆಫ್‌ಲೈನ್. ಕಚೇರಿಯವರು ತಂತ್ರಜ್ಞನನ್ನು ಕರೆಸುತ್ತಾರೆ, ಆತ ಪ್ರಿಂಟರನ್ನು ತೆಗೆದು ಮತ್ತೆ ಸೇರಿಸಿ ಹೋಗುತ್ತಾನೆ, ಮುಂದಿನ ಸಲ ಕರೆಂಟು ಹೋದಾಗ ಅದೇ ಪಾಡು ಮರುಕಳಿಸುತ್ತದೆ. ವಿಳಾಸವನ್ನು ಸ್ಥಿರಗೊಳಿಸದೆ ಪ್ರಿಂಟರನ್ನು ಎಷ್ಟು ಬಾರಿ ಮರುಸೇರಿಸಿದರೂ ಇದಕ್ಕೆ ಕೊನೆಯಿಲ್ಲ.

ಸ್ಥಿರಗೊಳಿಸಲು ಎರಡು ವಿಧಾನಗಳಿವೆ. ಪ್ರತಿ ಪ್ರಿಂಟರಿಗೂ ಕಾರ್ಖಾನೆಯಲ್ಲಿಯೇ ಕೊಟ್ಟಿರುವ, ಎಂದೂ ಬದಲಾಗದ ಮ್ಯಾಕ್ ವಿಳಾಸ ಎಂಬ ಗುರುತುಸಂಖ್ಯೆ ಇರುತ್ತದೆ. ಈ ಗುರುತಿನ ಯಂತ್ರಕ್ಕೆ ಸದಾ ಇದೇ ಐಪಿ ವಿಳಾಸ ಕೊಡಬೇಕೆಂದು ರೂಟರಿನಲ್ಲಿ ಬರೆದಿಡುವುದನ್ನು ‘ರಿಸರ್ವೇಶನ್’ ಎನ್ನುತ್ತಾರೆ. ಎರಡನೆಯ ವಿಧಾನದಲ್ಲಿ ಪ್ರಿಂಟರಿನ ಮೆನುವಿನೊಳಗೇ ಹೋಗಿ, ವಿಳಾಸವನ್ನು ಕೇಳುವ ಬದಲು ಇದನ್ನೇ ಬಳಸು ಎಂದು ‘ಮ್ಯಾನುಯಲ್’ ಅಥವಾ ‘ಸ್ಟ್ಯಾಟಿಕ್’ ವಿಳಾಸವನ್ನು ನಮೂದಿಸಲಾಗುತ್ತದೆ. ಜಾಲ ನಿರ್ವಹಣೆಯ ಪುಸ್ತಕಗಳು ಸಾಮಾನ್ಯವಾಗಿ ಮೊದಲನೆಯದನ್ನು ಮೆಚ್ಚುತ್ತವೆ, ಏಕೆಂದರೆ ಎಲ್ಲ ವಿಳಾಸಗಳ ಲೆಕ್ಕವೂ ಒಂದೇ ಕಡೆ ಇರುತ್ತದೆ. ಆದರೆ ಹೂಮಳೆಯ ಕಾಲದಿಂದ ಮುಂಗಾರು ಕಾಲಿಡುವವರೆಗಿನ ಗುಡುಗು ಸಿಡಿಲುಗಳಲ್ಲಿ ರೂಟರ್ ಸುಟ್ಟುಹೋಗಿ ಹೊಸದು ಬರುವುದು ಅಪರೂಪವಲ್ಲದ ಕೊಡಗಿನ ಸಣ್ಣ ಕಚೇರಿಗಳಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆ. ರೂಟರ್ ಹೋದರೆ ರಿಸರ್ವೇಶನ್ ಕೂಡ ಅದರೊಂದಿಗೇ ಹೋಗುತ್ತದೆ, ಪ್ರಿಂಟರಿನೊಳಗೆ ಬರೆದ ವಿಳಾಸ ಉಳಿಯುತ್ತದೆ. ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ರೂಟರ್ ತಾನಾಗಿ ಹಂಚುವ ವಿಳಾಸಗಳ ಶ್ರೇಣಿಯ ಹೊರಗೆ ಪ್ರಿಂಟರಿನ ವಿಳಾಸವಿರಬೇಕು: ರೂಟರ್ 192.168.1.100ರಿಂದ 199ರವರೆಗೆ ಹಂಚುತ್ತಿದ್ದರೆ ಪ್ರಿಂಟರಿಗೆ 192.168.1.20 ಕೊಡಬಹುದು, 150 ಕೊಡಬಾರದು, ಕೊಟ್ಟರೆ ಒಂದಲ್ಲ ಒಂದು ದಿನ ಎರಡು ಯಂತ್ರಗಳು ಒಂದೇ ವಿಳಾಸಕ್ಕೆ ಹಕ್ಕು ಹೂಡುತ್ತವೆ. ಹೊಸ ರೂಟರ್ ಬಂದಾಗ ಅದರ ಸ್ವಂತ ವಿಳಾಸವನ್ನು ಹಳೆಯ ರೂಟರಿನ ಶ್ರೇಣಿಗೇ ಹೊಂದಿಸಬೇಕು, 192.168.1 ಇದ್ದಲ್ಲಿ 192.168.0 ಬಂದು ಕುಳಿತರೆ ಸ್ಥಿರ ವಿಳಾಸದ ಪ್ರಿಂಟರ್ ಪರಸ್ಥಳದಲ್ಲಿ ಸಿಕ್ಕಿಬಿದ್ದಂತಾಗುತ್ತದೆ. ಸರ್ಕಾರದ ರಾಜ್ಯವ್ಯಾಪಿ ಜಾಲಕ್ಕೆ ಸೇರಿದ ಕಚೇರಿಗಳಲ್ಲಿ ಮಾತ್ರ ವಿಳಾಸಗಳನ್ನು ಆ ಜಾಲದ ನಿರ್ವಾಹಕರೇ ಗೊತ್ತುಪಡಿಸುವುದರಿಂದ ಅವರನ್ನು ಕೇಳಿಯೇ ಮುಂದುವರಿಯಬೇಕು.

ಪ್ರಿಂಟರಿನ ಈಗಿನ ವಿಳಾಸವನ್ನು ತಿಳಿಯಲು ಅದರಿಂದಲೇ ‘ಕಾನ್ಫಿಗರೇಶನ್ ಪೇಜ್’ ಎಂಬ ಹಾಳೆಯನ್ನು ತೆಗೆಯಬಹುದು. ಪುಟ್ಟ ಪರದೆಯಿರುವ ಮಾದರಿಗಳಲ್ಲಿ ಅದು ಮೆನುವಿನ ‘ರಿಪೋರ್ಟ್ಸ್’ ವಿಭಾಗದಲ್ಲಿರುತ್ತದೆ, ಪರದೆಯಿಲ್ಲದವುಗಳಲ್ಲಿ ಯಾವುದಾದರೊಂದು ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದರೆ ಬರುತ್ತದೆ. ಆ ಹಾಳೆಯಲ್ಲಿ ಐಪಿ ವಿಳಾಸ, ಮ್ಯಾಕ್ ವಿಳಾಸ, ಪ್ರಿಂಟರಿನೊಳಗಿನ ಸಾಫ್ಟ್‌ವೇರಿನ ಆವೃತ್ತಿ, ಈವರೆಗೆ ಮುದ್ರಿಸಿದ ಪುಟಗಳ ಸಂಖ್ಯೆ ಎಲ್ಲವೂ ಇರುವುದರಿಂದ, ವಿಳಾಸ ಸ್ಥಿರಗೊಳಿಸಿದ ದಿನದ ಪ್ರತಿಯನ್ನು ಕಚೇರಿಯ ದಾಸ್ತಾನು ವಹಿಯಲ್ಲಿ ಅಂಟಿಸಿಟ್ಟರೆ ಮುಂದೆ ವರ್ಗವಾಗಿ ಬರುವ ನೌಕರರಿಗೆ ಅದಕ್ಕಿಂತ ಉಪಯುಕ್ತವಾದ ಕಾಗದ ಬೇರೊಂದಿರಲಾರದು.

ಇನ್ನು ಕಂಪ್ಯೂಟರಿನ ಕಡೆಯ ಕೆಲಸ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಎಂಬಲ್ಲಿಗೆ ಹೋಗಿ ‘ಆಡ್’ ಒತ್ತಿದಾಗ ಕಂಪ್ಯೂಟರ್ ತಾನೇ ಜಾಲವನ್ನು ಜಾಲಾಡಿ ಪ್ರಿಂಟರಿನ ಹೆಸರನ್ನು ತೋರಿಸುತ್ತದೆ, ಅದನ್ನು ಒತ್ತಿದರೆ ಒಂದು ನಿಮಿಷದಲ್ಲಿ ಎಲ್ಲವೂ ಮುಗಿದಂತೆ ತೋರುತ್ತದೆ. ಈ ಸುಲಭದ ದಾರಿಯಲ್ಲಿ ಸೇರಿದ ಪ್ರಿಂಟರಿಗೆ ವಿಂಡೋಸ್ ಹಲವು ಬಾರಿ ‘ಡಬ್ಲ್ಯುಎಸ್‌ಡಿ’ ಎಂಬ ಬಗೆಯ ಪೋರ್ಟನ್ನು ಜೋಡಿಸುತ್ತದೆ. ಪೋರ್ಟ್ ಎಂದರೆ ಇಲ್ಲಿ ಮುದ್ರಣದ ಮಾಹಿತಿ ಯಾವ ಮಾರ್ಗದಲ್ಲಿ ಹೋಗಬೇಕೆಂಬುದರ ನಮೂದು. ಡಬ್ಲ್ಯುಎಸ್‌ಡಿ ಪೋರ್ಟ್ ಪ್ರಿಂಟರನ್ನು ವಿಳಾಸದಿಂದ ಗುರುತಿಸದೆ, ಪ್ರತಿ ಬಾರಿ ಜಾಲದಲ್ಲಿ ಕೂಗಿ ಕರೆದು ಪತ್ತೆಹಚ್ಚುವ ಕ್ರಮವನ್ನು ಅನುಸರಿಸುತ್ತದೆಯಾದ್ದರಿಂದ, ನಿದ್ರಾವಸ್ಥೆಯಲ್ಲಿರುವ ಪ್ರಿಂಟರ್ ಆ ಕೂಗಿಗೆ ಓಗೊಡದಿದ್ದರೆ ಆಫ್‌ಲೈನ್ ಎಂದು ತೀರ್ಮಾನಿಸಿಬಿಡುತ್ತದೆ. ಆದ್ದರಿಂದ ತೋರಿಸಿದ ಹೆಸರನ್ನು ಒತ್ತದೆ, ಕೆಳಗಿರುವ ‘ಆಡ್ ಮ್ಯಾನುಯಲಿ’ ಆರಿಸಿ, ಐಪಿ ವಿಳಾಸದ ಮೂಲಕ ಸೇರಿಸುವ ಆಯ್ಕೆಯನ್ನು ಹಿಡಿದು, ಸಾಧನದ ಬಗೆಯನ್ನು ‘ಟಿಸಿಪಿ/ಐಪಿ ಡಿವೈಸ್’ ಎಂದು ಗುರುತಿಸಿ, ಸ್ಥಿರಗೊಳಿಸಿದ ವಿಳಾಸವನ್ನು ಕೈಯಾರೆ ಬರೆಯುವುದು ಬಾಳಿಕೆಯ ಕ್ರಮ. ಹೀಗೆ ಮಾಡಿದಾಗ ಮಾಹಿತಿ ಪ್ರಿಂಟರಿನ 9100 ಎಂಬ ಸಂಖ್ಯೆಯ ದ್ವಾರಕ್ಕೆ ನೇರವಾಗಿ ಹೋಗುತ್ತದೆ. ಇದೇ ಪೋರ್ಟಿನ ಸೆಟ್ಟಿಂಗ್ಸ್‌ನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬ ಗುರುತು ಇರುತ್ತದೆ; ಪ್ರಿಂಟರಿನ ಯೋಗಕ್ಷೇಮವನ್ನು ಆಗಾಗ ವಿಚಾರಿಸುವ ಈ ಸೌಲಭ್ಯಕ್ಕೆ ಪ್ರಿಂಟರ್ ಉತ್ತರಿಸದಿದ್ದರೆ, ಮುದ್ರಣಕ್ಕೆ ಯಾವ ಅಡ್ಡಿಯೂ ಇಲ್ಲದಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಎಂದೇ ತೋರಿಸುವ ಸಾಧ್ಯತೆಯಿದೆ. ವಿಳಾಸ ಸರಿಯಿದ್ದೂ ಆಫ್‌ಲೈನ್ ಬರುತ್ತಿದ್ದರೆ ಆ ಗುರುತನ್ನು ತೆಗೆಯುವುದರಿಂದ ಬಹಳಷ್ಟು ಸಲ ಪರಿಹಾರ ಸಿಗುತ್ತದೆ.

ಡ್ರೈವರಿನ ಆಯ್ಕೆಯಲ್ಲಿ ಮುಂದಿನ ವರ್ಷಗಳ ಬಗೆಗೂ ಯೋಚಿಸಬೇಕಾಗಿದೆ. ಪ್ರಿಂಟರ್ ಕಂಪನಿಗಳ ಪ್ರತ್ಯೇಕ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್ ತಿಂಗಳಲ್ಲಿ ಪ್ರಕಟಿಸಿತು. ಅವುಗಳ ಜಾಗಕ್ಕೆ ಬರುತ್ತಿರುವುದು 1999ರಲ್ಲಿ ಮೊದಲ ರೂಪ ಪಡೆದ ‘ಐಪಿಪಿ’ ಎಂಬ ಮುದ್ರಣ ಶಿಷ್ಟಾಚಾರ, ಅಂದರೆ ಕಂಪ್ಯೂಟರ್ ಮತ್ತು ಪ್ರಿಂಟರ್ ಪರಸ್ಪರ ಮಾತಾಡುವ ಒಪ್ಪಿತ ನಿಯಮಗಳ ಸಮುಚ್ಚಯ. 631ನೆಯ ದ್ವಾರವನ್ನು ಬಳಸುವ ಇದರಲ್ಲಿ ಪ್ರಿಂಟರ್ ತನ್ನ ಸಾಮರ್ಥ್ಯವನ್ನು ತಾನೇ ಕಂಪ್ಯೂಟರಿಗೆ ತಿಳಿಸುವುದರಿಂದ ಪ್ರತ್ಯೇಕ ಡ್ರೈವರಿನ ಅಗತ್ಯವೇ ಬೀಳುವುದಿಲ್ಲ. ಲಿನಕ್ಸ್ ಬಳಸುವ ಕಚೇರಿಗಳಲ್ಲಿ ‘ಕಪ್ಸ್’ ಎಂಬ ಮುದ್ರಣ ವ್ಯವಸ್ಥೆ ಇದೇ ತಳಹದಿಯ ಮೇಲೆ ಮೊದಲಿನಿಂದಲೂ ನಡೆದುಬಂದಿದೆ. ಆದ್ದರಿಂದ ಹೊಸ ಪ್ರಿಂಟರ್ ಕೊಳ್ಳುವ ಸೊಸೈಟಿ ಅಥವಾ ಪಂಚಾಯಿತಿ ತನ್ನ ಟೆಂಡರಿನ ಷರತ್ತುಗಳಲ್ಲಿ ಈಥರ್‌ನೆಟ್ ಕಿಂಡಿ ಮತ್ತು ಐಪಿಪಿ ಎರಡನ್ನೂ ಹೆಸರಿಸಿ ಕೇಳುವುದು ಒಳ್ಳೆಯದು. ಸೊಸೈಟಿಗಳಲ್ಲಿ ಪಾಸ್‌ಬುಕ್ಕಿಗೂ ರಸೀದಿಗೂ ಬಳಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಕೌಂಟರಿನ ಕಂಪ್ಯೂಟರಿಗೇ ಜೋಡಿಸಿರಲಿ; ಅದು ಆ ಮೇಜಿನ ಉಪಕರಣ, ಅದನ್ನು ಜಾಲಕ್ಕೆ ಎಳೆಯುವುದರಿಂದ ಲಾಭವಿಲ್ಲ. ಎರಡೂ ಪ್ರಿಂಟರುಗಳಿರುವ ಕಂಪ್ಯೂಟರಿನಲ್ಲಿ, ಕೊನೆಯ ಬಾರಿ ಬಳಸಿದ್ದನ್ನೇ ಮುಖ್ಯ ಪ್ರಿಂಟರನ್ನಾಗಿಸುವ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್’ ಆಯ್ಕೆಯನ್ನು ಆಫ್ ಮಾಡಿಡಬೇಕು, ಇಲ್ಲದಿದ್ದರೆ ಸಾಲದ ಕರಾರುಪತ್ರ ಪಾಸ್‌ಬುಕ್ಕಿನ ಯಂತ್ರಕ್ಕೆ ಹೋಗಿ ನಿಲ್ಲುತ್ತದೆ. ಹಾಳೆಯ ಅಳತೆಯೂ ಹಾಗೆಯೇ: ಅಮೆರಿಕದ ರೂಢಿಯಂತೆ ಕೆಲವು ಡ್ರೈವರುಗಳು ‘ಲೆಟರ್’ ಅಳತೆಯನ್ನು ಹಿಡಿದು ಕೂರುತ್ತವೆ, ತಟ್ಟೆಯಲ್ಲಿರುವುದು 210 ಮತ್ತು 297 ಮಿಲಿಮೀಟರಿನ ಎ4 ಹಾಳೆ, ಪ್ರಿಂಟರ್ ಬೇರೆ ಹಾಳೆ ಬೇಕೆಂದು ಕಾಯುತ್ತ ನಿಲ್ಲುತ್ತದೆ, ಮೊದಲ ದಿನವೇ ಪ್ರತಿ ಕಂಪ್ಯೂಟರಿನಲ್ಲಿಯೂ ಎ4 ಎಂದು ಗೊತ್ತುಪಡಿಸಿದರೆ ಈ ಕಾಟವಿಲ್ಲ.

ಕನ್ನಡದ ಮುದ್ರಣಕ್ಕೆ ಪ್ರತ್ಯೇಕ ಗಮನ ಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಅಸಂಖ್ಯ ಪತ್ರಗಳು ಜಿಲ್ಲೆಯ ಕಚೇರಿಗಳಲ್ಲಿ ಈಗಲೂ ಬಳಕೆಯಲ್ಲಿವೆ. ಆ ಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕೂರಿಸಿರುವುದರಿಂದ, ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದು ಮುದ್ರಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಹೊರಬರುತ್ತದೆ. ಕನ್ನಡಕ್ಕೆ ತನ್ನದೇ ಸಂಕೇತಸಂಖ್ಯೆಗಳನ್ನು ಕೊಟ್ಟಿರುವ ಯೂನಿಕೋಡ್‌ನಲ್ಲಿ ಬರೆದ ಕಡತಕ್ಕೆ ಈ ಗತಿಯಿಲ್ಲ. ಪರದೆಯ ಮೇಲೆ ಸರಿಯಾಗಿ ಕಾಣುವ ಯೂನಿಕೋಡ್ ಪಠ್ಯವೂ ಹಾಳೆಯ ಮೇಲೆ ಒತ್ತಕ್ಷರ ಕಳೆದುಕೊಂಡು ಬಂದರೆ, ಡ್ರೈವರ್ ಅಕ್ಷರಗಳನ್ನು ಪ್ರಿಂಟರಿನ ಸ್ವಂತ ಶೈಲಿಗೆ ಬದಲಿಸಲು ಹೋಗಿ ಎಡವಿದೆ ಎಂದು ತಿಳಿಯಬೇಕು; ಕಡತವನ್ನು ಪಿಡಿಎಫ್ ಆಗಿಸಿ ‘ಪ್ರಿಂಟ್ ಆ್ಯಸ್ ಇಮೇಜ್’ ಆಯ್ಕೆಯಿಂದ ಮುದ್ರಿಸಿದರೆ ಪುಟ ಚಿತ್ರದಂತೆ ಹೋಗುವುದರಿಂದ ಅಕ್ಷರ ಒಡೆಯುವುದಿಲ್ಲ. ಕೊಡಗಿನಲ್ಲಿ ಇದು ಅಂದಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಜಮ್ಮಾ ಹಿಡುವಳಿಯ ದಾಖಲೆಯಲ್ಲಿ ಪಟ್ಟೇದಾರರ ಹೆಸರು, ಮನೆತನದ ಹೆಸರು, ಇತರ ಹಕ್ಕುದಾರರ ಹೆಸರು ಒಂದರ ಕೆಳಗೊಂದು ಬರುವಾಗ ಒಂದು ದೀರ್ಘವೋ ಒತ್ತೋ ತಪ್ಪಿದರೆ, ಮುಂದೆ ಬ್ಯಾಂಕಿನಲ್ಲಿಯೋ ನೋಂದಣಿ ಕಚೇರಿಯಲ್ಲಿಯೋ ಅದು ಬೇರೆಯೇ ವ್ಯಕ್ತಿಯ ಹೆಸರೆಂಬ ಆಕ್ಷೇಪಕ್ಕೆ ದಾರಿಯಾಗುತ್ತದೆ. ಕೊಡವ ತಕ್ಕ್ ಮತ್ತು ಅರೆಭಾಷೆಯ ಬರಹಗಳೂ ಕನ್ನಡ ಲಿಪಿಯಲ್ಲಿಯೇ ಮುದ್ರಣವಾಗುವುದರಿಂದ ಈ ಎಚ್ಚರ ಅವಕ್ಕೂ ಅನ್ವಯಿಸುತ್ತದೆ.

ಜೋಡಣೆಯೆಲ್ಲ ಸರಿಯಿದ್ದರೂ ಮಲೆನಾಡಿನ ಹವೆ ತನ್ನ ಪರೀಕ್ಷೆಯನ್ನು ಒಡ್ಡದೆ ಬಿಡುವುದಿಲ್ಲ, ಮತ್ತು ಅದರ ಪೆಟ್ಟು ಮೊದಲು ಬೀಳುವುದು ಕೇಬಲ್ಲಿನ ಮೇಲೆ. ತಾಮ್ರದ ಈಥರ್‌ನೆಟ್ ಕೇಬಲ್ ಒಂದು ತುಂಡಿಗೆ 100 ಮೀಟರ್ ದೂರದವರೆಗೆ ಮಾತ್ರ ಭರವಸೆಯಿಂದ ಕೆಲಸ ಮಾಡುತ್ತದೆ. ಎಸ್ಟೇಟ್ ಕಚೇರಿಯಲ್ಲಿ ರೈಟರ್ ಚೆಕ್‌ರೋಲ್ ಸಿದ್ಧಪಡಿಸುವ ಕೋಣೆಯಿಂದ ಕಾಫಿ ಕಣದಾಚೆಯ ಗೋದಾಮಿನವರೆಗೆ ಒಂದೇ ಜಾಲವನ್ನು ವಿಸ್ತರಿಸುವಾಗ ಈ ಮಿತಿ ಸುಲಭವಾಗಿ ಮೀರುತ್ತದೆ. ದೂರಕ್ಕಿಂತ ಗಂಭೀರವಾದದ್ದು ಸಿಡಿಲು. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತಾಮ್ರದ ತಂತಿ ಹಾದಿದ್ದರೆ, ಸಿಡಿಲು ನೇರವಾಗಿ ಬಡಿಯದೆ ಸಮೀಪದಲ್ಲೆಲ್ಲೋ ಇಳಿದರೂ ಅದರಲ್ಲಿ ಉಂಟಾಗುವ ವಿದ್ಯುತ್ ಒತ್ತಡ ಸ್ವಿಚ್ಚನ್ನೂ ಪ್ರಿಂಟರಿನ ಜಾಲಫಲಕವನ್ನೂ ಸುಡಬಲ್ಲದು. ಕಟ್ಟಡದಿಂದ ಕಟ್ಟಡಕ್ಕೆ ಲೋಹವಿಲ್ಲದ ಆಪ್ಟಿಕಲ್ ಫೈಬರ್ ಎಳೆದು, ಎರಡೂ ತುದಿಗಳಲ್ಲಿ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ‘ಮೀಡಿಯಾ ಕನ್ವರ್ಟರ್’ ಇಟ್ಟರೆ ಗಾಜಿನ ಎಳೆ ವಿದ್ಯುತ್ತನ್ನು ಹಾಯಿಸದ ಕಾರಣ ಆ ದಾರಿಯ ಅಪಾಯ ತಪ್ಪುತ್ತದೆ. ವೈಫೈ ಇದಕ್ಕೆ ಪರ್ಯಾಯವೆಂದು ತೋರಬಹುದು, ಆದರೆ ಹಳೆಯ ಬಂಗಲೆಗಳ, ಪೇಟೆಯ ಹಳೆಯ ಕಟ್ಟಡಗಳ ದಪ್ಪ ಕಲ್ಲುಗೋಡೆಗಳನ್ನು ದಾಟುವಾಗ ಅದರ ಬಲ ಕುಗ್ಗುತ್ತದೆ. ಹಲವು ಕಚೇರಿ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಮಾತ್ರ ಬಲ್ಲವಾದ್ದರಿಂದ ರೂಟರ್ ಆ ಪಟ್ಟಿಯನ್ನು ಮುಚ್ಚಿಟ್ಟಿದ್ದರೆ ಪ್ರಿಂಟರಿಗೆ ಜಾಲ ಕಾಣಿಸುವುದೇ ಇಲ್ಲ. ಕೋಣೆಯೊಳಗೆ ಕೇಬಲ್ ಹಾಕಲು ಸಾಧ್ಯವಿರುವಲ್ಲಿ ಕೇಬಲ್ಲೇ ಲೇಸು.

ಕರೆಂಟು ಹೋದಾಗಲೂ ಮುದ್ರಣ ನಡೆಯಲೆಂದು ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸುವುದು ಬಹಳ ಕಡೆ ಕಾಣುವ ತಪ್ಪು. ಲೇಸರ್ ಪ್ರಿಂಟರಿನಲ್ಲಿ ಟೋನರ್ ಎಂಬ ಪ್ಲಾಸ್ಟಿಕ್ ಪುಡಿಯನ್ನು ಹಾಳೆಗೆ ಕರಗಿಸಿ ಅಂಟಿಸುವ ‘ಫ್ಯೂಸರ್’ ಎಂಬ ಭಾಗ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಬೇಕು; ಆ ಕ್ಷಣದಲ್ಲಿ ಅದು ಎಳೆಯುವ ವಿದ್ಯುತ್ ನೂರಾರು ವ್ಯಾಟ್, ದೊಡ್ಡ ಮಾದರಿಗಳಲ್ಲಿ ಸಾವಿರ ವ್ಯಾಟ್ ಮೀರುತ್ತದೆ. ಸಾಮಾನ್ಯವಾಗಿ ಮಾರಾಟವಾಗುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಒಂದು ಪುಟಕ್ಕಾಗಿ ಯುಪಿಎಸ್ ಕುಸಿದು ಅದರೊಂದಿಗೆ ಕಂಪ್ಯೂಟರೂ ಆರಿಹೋಗುತ್ತದೆ. ಯುಪಿಎಸ್ ಇರಬೇಕಾದದ್ದು ರೂಟರಿಗೆ, ಸ್ವಿಚ್ಚಿಗೆ ಮತ್ತು ಕಂಪ್ಯೂಟರುಗಳಿಗೆ. ರೂಟರ್ ಆರದೆ ಉಳಿದರೆ ಮೇಲೆ ವಿವರಿಸಿದ ವಿಳಾಸದ ಗೊಂದಲವೂ ಬಹುಪಾಲು ತಪ್ಪುತ್ತದೆ. ಕರೆಂಟಿಲ್ಲದ ಹೊತ್ತಿನಲ್ಲಿಯೂ ಮುದ್ರಿಸಲೇಬೇಕಾದ ಕಚೇರಿಗೆ ಕೆಲವೇ ವ್ಯಾಟ್ ಸಾಕಾಗುವ ಇಂಕ್ ಟ್ಯಾಂಕ್ ಪ್ರಿಂಟರೊಂದು ಜೊತೆಗಿದ್ದರೆ ಅನುಕೂಲ, ಆದರೆ ಅದರ ಡೈ ಶಾಯಿ ನೀರು ತಾಕಿದರೆ ಹರಡಿಕೊಳ್ಳುತ್ತದೆ. ಕಕ್ಕಡದ ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಓಡುವವರ ಕೈಯಲ್ಲಿರುವ ಪ್ರಮಾಣಪತ್ರಕ್ಕೆ ಕರಗಿ ಅಂಟಿದ ಟೋನರೇ ತಕ್ಕದ್ದು.

ಮಳೆಗಾಲದಲ್ಲಿ ಪ್ರಿಂಟರ್ ಮೇಲೆ ಬರುವ ದೂರುಗಳಲ್ಲಿ ಅನೇಕವು ನಿಜವಾಗಿ ಹಾಳೆಗೆ ಸಂಬಂಧಿಸಿದವು. ಕಟ್ಟಿನಿಂದ ತೆಗೆದ ಹೊಸ ಹಾಳೆಯಲ್ಲಿ ತೇವಾಂಶ ಸುಮಾರು ಶೇ. 5ರ ಆಸುಪಾಸಿನಲ್ಲಿರುತ್ತದೆ; ಭಾಗಮಂಡಲ, ನಾಪೋಕ್ಲು, ಶಾಂತಳ್ಳಿಗಳಂತಹ ಊರುಗಳಲ್ಲಿ ಜುಲೈ ತಿಂಗಳ ಗಾಳಿಗೆ ಅದನ್ನು ತೆರೆದಿಟ್ಟರೆ ಹಾಳೆ ನೀರನ್ನು ಹೀರಿ ಮೆತ್ತಗಾಗುತ್ತದೆ, ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಲೇಸರ್ ಮುದ್ರಣದಲ್ಲಿ ಟೋನರ್ ಹಾಳೆಗೆ ವರ್ಗವಾಗುವುದು ಸ್ಥಾಯೀ ವಿದ್ಯುತ್ತಿನ ಸೆಳೆತದಿಂದ. ತೇವದ ಹಾಳೆಯಲ್ಲಿ ಆ ವಿದ್ಯುದಂಶ ಸೋರಿಹೋಗುವುದರಿಂದ ಅಕ್ಷರ ಅಲ್ಲಲ್ಲಿ ಮಂಕಾಗುತ್ತದೆ, ಫ್ಯೂಸರಿನ ಶಾಖಕ್ಕೆ ತೇವ ಹಬೆಯಾಗಿ ಹಾಳೆ ಸುರುಳಿಗಟ್ಟುತ್ತದೆ, ಎರಡು ಹಾಳೆಗಳು ಅಂಟಿಕೊಂಡೇ ಒಳಗೆ ಹೋಗಿ ಸಿಕ್ಕಿಬೀಳುತ್ತವೆ. ಮಂಕಾದ ಮುದ್ರಣ ಕಂಡು ತುಂಬಿದ ಟೋನರನ್ನೇ ಬದಲಿಸುವುದು ಹಣ ಪೋಲು ಮಾಡಿದಂತೆ. ಹಾಳೆಯ ಕಟ್ಟನ್ನು ಹೊದಿಕೆ ಬಿಚ್ಚದೆ ನೆಲದಿಂದ ಮೇಲೆ, ಹೊರಗೋಡೆಗೆ ತಾಗದಂತೆ ಮುಚ್ಚಿದ ಬೀರುವಿನಲ್ಲಿಟ್ಟು, ಆ ದಿನಕ್ಕೆ ಬೇಕಾದಷ್ಟನ್ನೇ ತಟ್ಟೆಗೆ ತುಂಬಿ, ಉಳಿದದ್ದನ್ನು ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಯಾವ ಖರ್ಚೂ ಇಲ್ಲದ ಉಪಾಯ.

ಜಾಲದ ಪ್ರಿಂಟರ್ ಒಂದು ಚಿಕ್ಕ ಕಂಪ್ಯೂಟರೇ ಆಗಿರುವುದರಿಂದ ಅದಕ್ಕೂ ಕಾವಲು ಬೇಕು. ಅದರ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ಬರೆದರೆ ತೆರೆದುಕೊಳ್ಳುವ ನಿರ್ವಹಣಾ ಪುಟಕ್ಕೆ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಬಾರದು. ಪ್ರಿಂಟರಿನ 9100ನೆಯ ದ್ವಾರ ಹೊರಗಿನ ಇಂಟರ್‌ನೆಟ್ಟಿಗೆ ತೆರೆದುಕೊಂಡಿರಲೇಬಾರದು. ಅಂಥ ದ್ವಾರ ತೆರೆದಿದ್ದ ಸುಮಾರು 50,000 ಪ್ರಿಂಟರುಗಳಿಗೆ ತಾನು ಹಾಳೆ ಕಳುಹಿಸಿದ್ದಾಗಿ ಒಬ್ಬ ಅಪರಿಚಿತ 2018ರ ಕೊನೆಯಲ್ಲಿ ಹೇಳಿಕೊಂಡಿದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಕಚೇರಿಯೊಳಗಿನ ಗೋಪ್ಯತೆಯ ಪ್ರಶ್ನೆಯೂ ಇದೆ. ಆಫ್‌ಲೈನ್ ಎಂದು ಕಂಡಾಗ ಸಿಬ್ಬಂದಿ ಮತ್ತೆ ಮತ್ತೆ ಪ್ರಿಂಟ್ ಒತ್ತಿದ ಕೆಲಸಗಳೆಲ್ಲ ಸ್ಪೂಲರಿನಲ್ಲಿ ಸಾಲುಗಟ್ಟಿದ್ದು, ಸಂಪರ್ಕ ಮರಳಿದೊಡನೆ ಒಬ್ಬರದೇ ಆದಾಯ ಪ್ರಮಾಣಪತ್ರದ ನಾಲ್ಕಾರು ಪ್ರತಿಗಳು ತಟ್ಟೆಗೆ ಬಂದು ಬೀಳುತ್ತವೆ, ಸಂಜೆಯವರೆಗೆ ಅಲ್ಲಿಯೇ ಬಿದ್ದಿರುತ್ತವೆ. ಕರೆಂಟು ಮರಳುವ ಮೊದಲೇ ಸರದಿಯನ್ನು ತೆರೆದು ಹೆಚ್ಚುವರಿ ಕೆಲಸಗಳನ್ನು ರದ್ದುಗೊಳಿಸುವುದು ರೂಢಿಯಾಗಬೇಕು, ಪಿನ್ ಸಂಖ್ಯೆ ಒತ್ತಿದ ಮೇಲೆಯೇ ಮುದ್ರಿಸುವ ಸೌಲಭ್ಯವಿರುವ ಯಂತ್ರಗಳಲ್ಲಿ ಅದನ್ನು ಬಳಸಬೇಕು.

ಒಳಜಾಲದ ಮುದ್ರಣಕ್ಕೆ ಇಂಟರ್‌ನೆಟ್ ಬೇಕಿಲ್ಲ ಎಂಬುದನ್ನೂ ಕಚೇರಿಗಳು ತಿಳಿದಿರಬೇಕು. ಮುದ್ರಣವನ್ನು ದೂರದ ಸರ್ವರಿನ ಮೂಲಕ ಸುತ್ತಿಸಿ ತರುತ್ತಿದ್ದ ಗೂಗಲ್ ಕ್ಲೌಡ್ ಪ್ರಿಂಟ್ ಸೇವೆ 2020ರ ಡಿಸೆಂಬರ್ 31ರಂದು ನಿಂತಾಗ ಅದನ್ನೇ ನೆಚ್ಚಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಈಗಲೂ ಕೆಲವು ಮಾದರಿಗಳು ನಿರಂತರ ಇಂಟರ್‌ನೆಟ್ ಸಂಪರ್ಕವಿದ್ದರೆ ಮಾತ್ರ ಮುದ್ರಿಸುತ್ತವೆ. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಜರಿದು ರಸ್ತೆಗಳೇ ಕಡಿದುಹೋದುದನ್ನು ಕಂಡ ಜಿಲ್ಲೆ, ಹಾಳೆ ಹೊರಬರಲು ದೂರದ ಸರ್ವರಿನ ಅಪ್ಪಣೆ ಬೇಕಾದ ಯಂತ್ರವನ್ನು ಕಚೇರಿಗೆ ತರಬಾರದು.

ಈ ವ್ಯವಸ್ಥೆ ಸರಿಯಾಗಿ ಕೂತಿದೆಯೇ ಎಂಬುದನ್ನು ಮಳೆ ಹಿಡಿಯುವ ಮುನ್ನ, ಮೇ ತಿಂಗಳಿನಲ್ಲಿಯೇ ನೋಡಿಕೊಳ್ಳಬಹುದು. ಕಚೇರಿಯ ಕೆಲಸ ಮುಗಿದ ಮೇಲೆ ರೂಟರ್, ಸ್ವಿಚ್, ಪ್ರಿಂಟರ್, ಕಂಪ್ಯೂಟರುಗಳನ್ನೆಲ್ಲ ಯುಪಿಎಸ್ ಸಹಿತ ಪೂರ್ತಿ ಆರಿಸಿ, ಹತ್ತು ನಿಮಿಷ ಬಿಟ್ಟು ಮೈನ್ ಸ್ವಿಚ್ಚಿನಿಂದ ಒಟ್ಟಿಗೇ ಹಾಕಿ, ಪ್ರತಿ ಕಂಪ್ಯೂಟರಿನಿಂದಲೂ ಒತ್ತಕ್ಷರಗಳು ತುಂಬಿರುವ ಒಂದು ಕನ್ನಡ ಪುಟವನ್ನು ಮುದ್ರಿಸಬೇಕು. ಎಲ್ಲದರಿಂದಲೂ ಪುಟ ಬಂದರೆ ವಿಳಾಸ ನಿಂತಿದೆ. ಯಾವ ಕಂಪ್ಯೂಟರಿನಿಂದಲೂ ಬಾರದಿದ್ದರೆ ಪ್ರಿಂಟರಿನ ಕಾನ್ಫಿಗರೇಶನ್ ಪೇಜನ್ನು ಹೊಸದಾಗಿ ತೆಗೆದು ದಾಸ್ತಾನು ವಹಿಯಲ್ಲಿರುವ ಪ್ರತಿಯೊಂದಿಗೆ ಹೋಲಿಸಬೇಕು; ಒಂದೆರಡರಿಂದ ಮಾತ್ರ ಬಾರದಿದ್ದರೆ ಅವುಗಳ ‘ಪೋರ್ಟ್ಸ್’ ಪಟ್ಟಿಯನ್ನು ತೆರೆಯಬೇಕು, ಅಲ್ಲಿ ಐಪಿ ವಿಳಾಸದ ಬದಲು ಡಬ್ಲ್ಯುಎಸ್‌ಡಿ ಎಂಬ ನಮೂದು ಕಂಡರೆ ಆ ಪ್ರಿಂಟರನ್ನು ತೆಗೆದು ವಿಳಾಸದ ಮೂಲಕ ಮತ್ತೆ ಸೇರಿಸಬೇಕು.